ಗೆರೆಯ ಮೇಲಿನ ಜಾಲರಿ

"ಏಯ್, ನಿಮ್ಮಪ್ಪನ ಮನೆ ಅಂಗಳ ಅಂದ್ಕೊಂಡಿದ್ದೀಯೇನೇ? ಗೆರೆ ಕಾಣ್ಸಲ್ವಾ ಕಣ್ಣಿಗೆ?"

ಮೇಸ್ತ್ರಿ ಕೂಗಿದ ರಭಸಕ್ಕೆ ಕಿರಿಯವಳ ಕೈಯಲ್ಲಿದ್ದ ಬಕೆಟ್ಟು ತುಳುಕಿ, ಕೊಳಕು ನೀರು ಅವಳ ಪಾದದ ಮೇಲೆಯೇ ಬಿತ್ತು. ಅವಳು ಆಸ್ಪತ್ರೆಯ ಕಾರಿಡಾರಿನ ಹಳದಿ ಗೆರೆ ದಾಟಿ ಒಂದು ಹೆಜ್ಜೆ ಇಟ್ಟಿದ್ದಳು, ಅಷ್ಟೆ. ಆ ಕಡೆಯ ಹಿತ್ತಲಲ್ಲಿ ತೆರೆದ ಮೋರಿ ಇತ್ತು; ಬಕೆಟ್ಟನ್ನು ಅಲ್ಲಿ ಚೆಲ್ಲಿ ಬರೋಣವೆಂದು ಹೊರಟಿದ್ದಳು.

"ವಾಪಸ್ ಬಾ. ಬರೋಕೆ ಮುಂಚೆ ನಿನ್ ಹೆಜ್ಜೆ ಗುರುತು ಒರೆಸು. ಮಾಪಿಂದ ಅಲ್ಲ, ಕೈಯಿಂದ."

ರೋಗಿಗಳ ಕಡೆಯವರು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದರು. ಕಿರಿಯವಳು ಮೊಣಕಾಲೂರಿ, ನೀಲಿ ಕೋಟಿನ ತುದಿಯಿಂದ ತನ್ನದೇ ಹೆಜ್ಜೆಯನ್ನು ಒರೆಸಿದಳು. ಯಾರೋ ಒಬ್ಬರು ಪಾಪ, ಅವಳಿಗೆ ತೊಂದರೆಯಾಗದಿರಲೆಂದು ತಮ್ಮ ಕಾಲನ್ನು ಮೇಲಕ್ಕೆತ್ತಿಕೊಂಡರು. ಅದು ಮೇಸ್ತ್ರಿಯ ಮಾತಿಗಿಂತ ಹೆಚ್ಚು ಚುಚ್ಚಿತು.

ಮೇಸ್ತ್ರಿಯ ಕೊರಳಲ್ಲಿ ಯಾವಾಗಲೂ ಒಂದು ಸೀಟಿ ನೇತಾಡುತ್ತಿತ್ತು. ಹೆಂಗಸರು ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು, ಅವನಿಗೆ ಕೇಳಿಸದಂತೆ.

ಆಸ್ಪತ್ರೆಯ ಹಳೇ ಕಟ್ಟಡ ಆಡಳಿತ ಮಂಡಳಿಯದು. ಹೊಸದನ್ನು ಕಟ್ಟಿಸಿ ನಡೆಸುತ್ತಿದ್ದದ್ದು ಒಂದು ಟ್ರಸ್ಟು. ಎರಡೂ ಕೈಜೋಡಿಸಿ ಒಪ್ಪಂದ ಮಾಡಿಕೊಂಡಾಗ ಯಾವ ನಲ್ಲಿ ಯಾರದ್ದು, ಯಾವ ಕಿಟಕಿಯ ಗಾಜು ಒಡೆದರೆ ಯಾರು ಹಾಕಿಸಬೇಕು, ಬಾಗಿಲ ಬಳಿಯ ಹೂಕುಂಡಕ್ಕೆ ನೀರು ಹಾಕುವವರು ಯಾರು ಎಂಬುದನ್ನೆಲ್ಲ ಬರೆದು, ಫೋಟೋ ತೆಗೆಸಿಕೊಂಡು, ಸಹಿ ಹಾಕಿದ್ದರು. ಎರಡೂ ಕಟ್ಟಡಗಳನ್ನು ಸೇರಿಸುವ ಕಾರಿಡಾರನ್ನು ಮಾತ್ರ ಅಡ್ಡಲಾಗಿ ಒಂದು ಹಳದಿ ಗೆರೆ ಎಳೆದು ಹಂಚಿಕೊಂಡರು. ಬಣ್ಣ ಬಳಿಯುವವನು ಹೇಳಿದಂತೆ ಸರಿಯಾಗಿ ನಡುಮಧ್ಯೆ ಎಳೆದ. ನಡುಮಧ್ಯೆ ಚರಂಡಿಯ ಒಂದು ಜಾಲರಿ ಇತ್ತು. ಬ್ರಶ್ಶು ಅದರ ಮೇಲೂ ಹಾದುಹೋಯಿತು.

ಆ ಜಾಲರಿ ಕಟ್ಟಿಕೊಂಡು ಬಹಳ ಕಾಲವಾಗಿತ್ತು. ಮಧ್ಯಾಹ್ನ ಮೇಲಿನ ತೊಟ್ಟಿಗೆ ನೀರು ಬಿಟ್ಟರೆ ಸಾಕು, ಎರಡೂ ಕಡೆಯ ಕಕ್ಕಸಿನ ನೀರು ಅದರಿಂದ ಕಪ್ಪಗೆ ಉಕ್ಕುತ್ತಿತ್ತು. ಎತ್ತಿ ಒಳಗೆ ಸರಿಮಾಡಿಸಲು ಎರಡು ಕಡೆಯವರೂ ಒಪ್ಪಲಿಲ್ಲ.

"ಅದನ್ನ ಮುಟ್ಟಬೇಡ್ರೇ," ಎಂದು ಸೀಟಿ ಹೊಸ ಕಟ್ಟಡದ ಹೆಂಗಸರಿಗೆ ಮೊದಲ ದಿನವೇ ಹೇಳಿದ್ದ. "ಒಂದು ಸಲ ಮುಟ್ಟಿದ್ರೆ ಮುಗೀತು, ಅದು ನಮ್ದೇ ಆಗ್ಬಿಡುತ್ತೆ."

ಹಳೇ ಕಟ್ಟಡದ ಮೇಲ್ವಿಚಾರಕ ಮಾತಿಗೊಮ್ಮೆ ಕೆಮ್ಮುತ್ತಿದ್ದ. ಅವನಿಗೆ ಕೆಮ್ಮಪ್ಪ ಎಂದು ಹೆಸರು. ಅವನೂ ತನ್ನ ಹೆಂಗಸರಿಗೆ ಇದನ್ನೇ ಹೇಳಿದ್ದ. ಹಾಗಾಗಿ ಉಕ್ಕಿದ ನೀರನ್ನು ಈ ಕಡೆಯವರು ಆ ಕಡೆಗೆ ತಳ್ಳುವುದು, ಆ ಕಡೆಯವರು ಈ ಕಡೆಗೆ ತಳ್ಳುವುದು. ಅದೇ ಕೆಲಸ.

ಆ ಕಡೆ ತಳ್ಳುತ್ತಿದ್ದವಳು ಹಿರಿಯವಳು, ಕಿರಿಯವಳ ಓರಗಿತ್ತಿ.

ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಬೆಳಗ್ಗೆ ಒಂದೇ ಬಸ್ಸಿಗೆ ಓಡಿ ಬಂದು, ಗೇಟಿನ ಬಳಿ ಬೇರೆಯಾಗುತ್ತಿದ್ದರು. ಹಿರಿಯವಳು ಹಳೇ ಕಟ್ಟಡದಲ್ಲಿ ದಿನಗೂಲಿ ಆಯಾ. ಕೂದಲು ನರೆಯುವಷ್ಟು ಕಾಲ ಅಲ್ಲೇ ದುಡಿದಿದ್ದರೂ ಅವಳ ಹೆಸರು ಇನ್ನೂ ಗೋಡೆಯ ಮೇಲಿನ ಕಾಯಂ ನೌಕರರ ಪಟ್ಟಿಗೆ ಏರಿರಲಿಲ್ಲ. ಕಿರಿಯವಳನ್ನು ಟ್ರಸ್ಟಿನ ಕೆಲಸಕ್ಕೆ ಸೇರಿಸಿದ್ದವಳೂ ಅವಳೇ. ಕಿರಿಯವಳ ಎರಡೂ ಬಾಣಂತನ ಅವಳ ಕೈಯದು. ಹೆರಿಗೆಯ ಹೊತ್ತಿನಲ್ಲಿ ಕಿರಿಯವಳಿಗೆ ಮೈಮೇಲೆ ಪ್ರಜ್ಞೆಯಿರಲಿಲ್ಲ. ಬಾಗಿಲಲ್ಲಿ ಇಣುಕಿದ ಗಂಡಸರಿಗೆ ಅಡ್ಡವಾಗಿ ಬೆನ್ನು ಕೊಟ್ಟು ನಿಂತವಳು ಈ ಅಕ್ಕನೇ.

ಕಾರಿಡಾರಿನಲ್ಲಿ ಇಬ್ಬರೂ ಮಾತಾಡುವಂತಿರಲಿಲ್ಲ. "ಆ ಕಡೆಯವ್ರ ಜೊತೆ ಏನ್ ಗುಸುಗುಸು?" ಎಂದು ಸೀಟಿ ಗದರುತ್ತಿದ್ದ. ಆದರೂ ಒಂದು ರೂಢಿ ಬೆಳೆದಿತ್ತು. ವೈಪರಿನಲ್ಲಿ ನೀರು ತಳ್ಳುವ ಮುಂಚೆ ಒಬ್ಬಳು ರಾಗವಾಗಿ "ಬಂತು ನೋಡೂ!" ಎಂದು ಕೂಗಬೇಕು. ಇನ್ನೊಬ್ಬಳು ಅದನ್ನು ಕೇಳಿ ಕಾಲು ತಪ್ಪಿಸಿಕೊಳ್ಳಬೇಕು.

"ಬಂತು ನೋಡೂ! ಅತ್ತೆ ಮನೆಯಿಂದ ಉಡುಗೊರೆ!" ಎಂದು ಹಿರಿಯವಳು ತಳ್ಳುವಳು.

"ಇಟ್ಕೊಳ್ಳಿ ಅಕ್ಕಾ, ನಿಮ್ದು ನಿಮಗೇ!" ಎಂದು ಕಿರಿಯವಳು ತಿರುಗಿ ತಳ್ಳುವಳು.

"ಎಂಥಾ ಸೊಸೆ ತಂದ್ರಪ್ಪ, ಕೊಟ್ಟಿದ್ದನ್ನ ಒಳಗೂ ತಗೊಳ್ಳಲ್ಲ!"

ಬೆಂಚಿನ ಮೇಲಿನ ರೋಗಿಗಳು ಕೂಡ ನಗುತ್ತಿದ್ದರು. ಸೀಟಿಯೂ ಕೆಮ್ಮಪ್ಪನೂ ಟೀ ಕುಡಿಯಲು ಹೋದ ಹೊತ್ತಿನಲ್ಲಿ ಇಬ್ಬರೂ ಸೇರಿ, ಬಕೆಟ್ಟಿನಲ್ಲಿ ತುಂಬಿ, ಹಿತ್ತಲಿನ ಮೋರಿಗೆ ಸಾಗಿಸುತ್ತಿದ್ದರು. ಆ ದಿನ ಸೀಟಿಯ ಕೈಗೆ ಸಿಕ್ಕಿಬಿದ್ದದ್ದು ಅಂಥದೇ ಒಂದು ಬಕೆಟ್ಟು.

ಮರುದಿನ ಸೀಟಿ ಟೀಗೆ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತೇ ಇದ್ದ. ನೀರು ಉಕ್ಕಿತು.

"ತಳ್ಳು," ಅಂದ.

ಕಿರಿಯವಳು ತಲೆಯೆತ್ತಿ ನೋಡಿದಳು. ಹಿರಿಯವಳು ವಾರ್ಡಿನ ಹಾಸಿಗೆ ಬಟ್ಟೆಗಳ ದೊಡ್ಡ ಗಂಟು ಹೊತ್ತು, ಈ ಕಡೆಗೆ ಬೆನ್ನು ಮಾಡಿ, ಗೆರೆಯ ಅಂಚಿನಲ್ಲೇ ಹೋಗುತ್ತಿದ್ದಳು.

"ಏನೇ, ಕೈಗೆ ಲಕ್ವ ಹೊಡೆದಿದ್ಯಾ? ಜೋರಾಗಿ ತಳ್ಳೇ!"

"ಬಂತು ನೋಡೂ" ಎಂಬುದು ಗಂಟಲವರೆಗೂ ಬಂದಿತ್ತು. ನಿನ್ನೆ ಒರೆಸಿದ ಹೆಜ್ಜೆ ನೆನಪಾಯಿತು. ಕೂಗಿದರೆ ಇನ್ನೇನು ಒರೆಸಬೇಕಾಗುವುದೋ. ಅವಳು ಬಾಯಿ ಮುಚ್ಚಿಕೊಂಡು, ಇದ್ದ ಬಲವನ್ನೆಲ್ಲ ಹಾಕಿ ತಳ್ಳಿದಳು.

ಹಿರಿಯವಳು ಬಿದ್ದ ಸದ್ದು ದೊಡ್ಡದಾಗಿರಲಿಲ್ಲ. ಗಂಟಿನ ಬಟ್ಟೆಗಳು ಸುತ್ತಲೂ ಹರಡಿದವು. ತಲೆ ಹಳೇ ಕಡೆಗೆ, ಕಾಲು ಹೊಸ ಕಡೆಗೆ, ಸೊಂಟ ಸರಿಯಾಗಿ ಜಾಲರಿಯ ಮೇಲೆ. ಉಟ್ಟ ಬಟ್ಟೆ ತೊಡೆಯವರೆಗೂ ಸರಿದುಹೋಗಿತ್ತು. ಕಪ್ಪು ನೀರು ಅವಳ ಕೆಳಗಿನಿಂದ ಉಕ್ಕುತ್ತಲೇ ಇತ್ತು.

"ನಿಮ್ಮೋಳು ಬಿದ್ಳು ನೋಡ್ರೀ," ಎಂದು ಸೀಟಿ ಕೂಗಿದ.

ಕೆಮ್ಮಪ್ಪ ಓಡಿಬಂದ. "ನಮ್ಮೋಳೇ ಕಣಯ್ಯಾ, ನೀರು ಯಾರ್ದು?"

"ನೀರು ಜಾಲ್ರೀದು."

"ಜಾಲ್ರಿ ಯಾರ್ದು?"

"ಮೊದ್ಲು ಎತ್ರೀ ಅವಳ್ನ."

"ನಾನ್ ಎತ್ತಿದ್ರೆ ನಮ್ ಕಡೆ ಬಿದ್ದಂಗೆ ಆಗುತ್ತೆ. ನಮ್ ಸಾಹೇಬ್ರು ಬರ್ಲಿ."

ಹಿರಿಯವಳ ಮುಖ ಬಿಳಿಚಿಕೊಂಡಿತ್ತು. ಅವಳ ಕಣ್ಣು ಇಬ್ಬರನ್ನೂ ಬಿಟ್ಟು ಕಿರಿಯವಳನ್ನು ಹುಡುಕಿತು. ಮೆಲ್ಲಗೆ, ಮನೆಯಲ್ಲಿ ಕರೆಯುವಂತೆಯೇ, ಕರೆದಳು:

"ಬಾರೇ ಇಲ್ಲಿ. ಬಟ್ಟೆ ಸ್ವಲ್ಪ ಕೆಳಗೆ ಎಳಿಯೇ. ನಂಗೆ ಕೈ ಎಟುಕ್ತಿಲ್ಲ."

ಎರಡು ಹೆಜ್ಜೆಯ ದೂರ. ಕಿರಿಯವಳು ವೈಪರನ್ನು ಹಿಡಿದುಕೊಂಡೇ ಸೀಟಿಯ ಮುಖ ನೋಡಿದಳು. ಅವನು ಸೀಟಿಯನ್ನು ತುಟಿಗಿಟ್ಟುಕೊಂಡಿದ್ದ. ಊದಲಿಲ್ಲ, ಬರೀ ಇಟ್ಟುಕೊಂಡಿದ್ದ. ಅವಳ ಕಾಲು ಏಳಲಿಲ್ಲ.

"ಎಳಿಯೇ ತಾಯಿ, ಎಲ್ರೂ ನೋಡ್ತಿದಾರೆ," ಎಂದು ಹಿರಿಯವಳು ಮತ್ತೆ ಹೇಳಿದಳು.

ಕೊನೆಗೆ ಬೆಂಚಿನಿಂದ ಯಾರದೋ ತಾಯಿ ಎದ್ದು ಬಂದು, ತನ್ನ ಹೆಗಲ ಮೇಲಿನ ಟವಲನ್ನು ಹೊದಿಸಿದಳು. ಹೊದಿಸಿ, ತಿರುಗಿ ಕಿರಿಯವಳನ್ನು ನೋಡಿದಳು.

ಡಾಕ್ಟರೊಬ್ಬರು ಬಂದು, ಸೊಂಟದ ಮೂಳೆ ಮುರಿದಿದೆ, ಆಪರೇಶನ್ ಬೇಗ ಆಗಬೇಕು, ತಡವಾದರೆ ಮತ್ತೆ ನಡೆಯುವುದು ಕಷ್ಟ ಎಂದರು. ಆದರೆ ದಾಖಲು ಮಾಡಿಕೊಳ್ಳಲು ಯಾವುದಾದರೂ ಒಂದು ಕಡೆಯವರು ಹೊಣೆ ಹೊತ್ತು ಸಹಿ ಮಾಡಬೇಕಿತ್ತು. ನಿಮ್ಮ ನೀರಿಗೆ ಜಾರಿದಳು ಎಂದಿತು ಹಳೇ ಕಟ್ಟಡದ ಆಡಳಿತ ಮಂಡಳಿ. ನಿಮ್ಮ ಕೆಲಸದವಳು ಎಂದಿತು ಟ್ರಸ್ಟು. ಎರಡೂ ಕಡೆಯವರು ಕೂತು ಮಾತಾಡಿ ತೀರ್ಮಾನಿಸುವವರೆಗೆ ಸ್ಟ್ರೆಚರನ್ನು ಕಾರಿಡಾರಿನಲ್ಲೇ, ಗೆರೆಯ ಮೇಲೆಯೇ ನಿಲ್ಲಿಸಿದರು. ಎಷ್ಟು ಜನ ಹಿರಿಯವಳು ಹಾಸಿದ ಹಾಸಿಗೆಗಳ ಮೇಲೆ ಮಲಗಿ ವಾಸಿಯಾಗಿ ಮನೆಗೆ ಹೋಗಿದ್ದರೋ. ಅವಳಿಗೆ ಮಾತ್ರ ಅಲ್ಲಿ ಒಂದು ಹಾಸಿಗೆ ಇರಲಿಲ್ಲ.

ಮರುದಿನ ಮೀಟಿಂಗು. ಮೀಟಿಂಗ್ ರೂಮು ಕಾರಿಡಾರಿನ ತುದಿಯಲ್ಲೇ, ಹೊಸ ಕಟ್ಟಡದ ಕಡೆ ಇತ್ತು. ಕಿರಿಯವಳನ್ನೂ ಕರೆಸಿದರು. ಬಾಗಿಲ ಹೊರಗೆ ಸೀಟಿ ಅವಳ ಕಿವಿಯ ಹತ್ತಿರ ಬಂದು ಹೇಳಿದ:

"ನೋಡು, ಅವಳೇ ಗೆರೆ ದಾಟಿ ಬಂದ್ಳು, ಚಪ್ಪಲಿ ಸವೆದಿತ್ತು, ಜಾರಿದ್ಳು. ಇಷ್ಟೇ. ಜಾಸ್ತಿ ಬಾಯಿ ಬಿಟ್ರೆ ನಾಳೆಯಿಂದ ನಿನ್ ಕೋಟು ಇನ್ನೊಬ್ಳು ಹಾಕ್ಕೊಂಡಿರ್ತಾಳೆ, ತಿಳೀತಾ ಮುಂಡೇದೇ?"

ಒಳಗೆ ತಂಪಾಗಿತ್ತು. ಉದ್ದ ಮೇಜು, ಟೀ ಕಪ್ಪುಗಳು. ಒಂದು ಕಡೆ ಆಡಳಿತ ಮಂಡಳಿಯ ಅಧಿಕಾರಿ, ಎದುರಿಗೆ ಟ್ರಸ್ಟಿನ ಮೇಡಂ, ನಡುವೆ ಇಬ್ಬರಿಗೂ ಬೇಕಾದ ವಕೀಲರು. ಕಿರಿಯವಳು ಬಾಗಿಲ ಪಕ್ಕ ನಿಂತಳು. ತನ್ನ ಕೋಟಿನ ವಾಸನೆ ಅವರಿಗೆ ಮುಟ್ಟುತ್ತಿದೆಯೇನೋ ಎಂದು ತೋಳುಗಳನ್ನು ಮೈಗೆ ಒತ್ತಿಕೊಂಡಳು.

"ಹೆದರ್ಬೇಡಮ್ಮ," ಎಂದರು ಮೇಡಂ ಬಹಳ ಮೃದುವಾಗಿ. "ನೀರು ಯಾರು ತಳ್ಳಿದ್ದು?"

ಸೀಟಿ ಗಂಟಲು ಸರಿಮಾಡಿಕೊಂಡ. ಅವನು ಬಾಗಿಲಲ್ಲಿ ಹೇಳಿಕೊಟ್ಟ ಮಾತನ್ನು ಕಿರಿಯವಳು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದಳು. ಆದರೆ ಈಗ ಬಾಯಿ ತೆರೆದಾಗ ಕಣ್ಣೆದುರು ಬಂದದ್ದು ಆ ಟವಲು. ಬೇರೆ ಯಾರದೋ ಟವಲು.

"ನಾನೇ ಮೇಡಂ. ನಾನೇ ತಳ್ಳಿದ್ದು. ಕೂಗಿ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅಕ್ಕಂದು ಏನೂ ತಪ್ಪಿಲ್ಲ. ಅವರಿಗೆ ಆಪರೇಶನ್ ಮಾಡ್ಸಿ."

ಕೆಲಸ ಹೋದರೆ ಹಾಳಾಗಿ ಹೋಗಲಿ, ಅಕ್ಕನ ಕಾಲು ಉಳಿದರೆ ಸಾಕು ಎಂದುಕೊಂಡಳು.

ವಕೀಲರ ಮುಖ ಅರಳಿತು.

"ಹಾಗಾದ್ರೆ ಸುಲಭ ಆಯ್ತಲ್ಲ! ಇದು ನಿಮ್ಮಿಬ್ಬರಿಗೂ ಸಂಬಂಧಿಸಿದ್ದಲ್ಲ. ಕೆಲಸದವರ ಅಜಾಗರೂಕತೆ."

"ಹೌದೌದು," ಎಂದರು ಅಧಿಕಾರಿ.

"ಮುಂದಕ್ಕೂ ಗೊಂದಲ ಇರಬಾರದು. ಈ ಕಾರಿಡಾರು ಎರಡೂ ಕಡೆಯ ಶುಚಿ ಸಿಬ್ಬಂದಿಯ ಜಂಟಿ ಹೊಣೆ ಅಂತ ಸೇರಿಸ್ಬಿಡೋಣ. ಅಲ್ಲಿ ಏನೇ ಆದ್ರೂ ಅವರವರೇ ಜವಾಬ್ದಾರರು."

"ಜಾಲರಿ?" ಎಂದು ಮೇಡಂ ಕೇಳಿದರು.

"ಜಂಟಿ ಅಂದ್ಮೇಲೆ ಅದೂ ಬಂತು. ಅವರೇ ಕೈ ಹಾಕಿ ತೆಗೀಲಿ."

ಎಲ್ಲರೂ ಸ್ವಲ್ಪ ನಕ್ಕರು. ಎರಡು ಕಡೆಯವರೂ ಮೊದಲ ಬಾರಿಗೆ ಒಂದೇ ಮಾತಿಗೆ ಒಪ್ಪಿದ್ದರು.

"ಮತ್ತೆ ಅಕ್ಕನ ಆಪರೇಶನ್ನು?" ಎಂದಳು ಕಿರಿಯವಳು.

"ನಿಜ ಹೇಳಿದ್ದಕ್ಕೆ ಒಳ್ಳೇದಾಗ್ಲಮ್ಮ," ಎಂದರು ಮೇಡಂ. "ಇನ್ನು ನೀನು ಹೊರಗಿರು. ಬಾಗಿಲು ಹಾಕ್ಕೊಂಡು ಹೋಗು."

ಅವಳು ಬಾಗಿಲು ಹಾಕಿಕೊಂಡೇ ಹೋದಳು. ಸದ್ದಾಗದಂತೆ. ಅಷ್ಟು ಅಭ್ಯಾಸವಾಗಿಹೋಗಿತ್ತು.

ಸ್ಟ್ರೆಚರಿನ ಮೇಲೆ ಹಿರಿಯವಳು ಕಣ್ಣು ಬಿಟ್ಟೇ ಮಲಗಿದ್ದಳು.

"ಏನಂದ್ರೇ?"

"ನಾನೇ ತಳ್ಳಿದ್ದು ಅಂತ ಹೇಳ್ದೆ ಅಕ್ಕಾ. ಅದಕ್ಕೇ ಅವರಿಬ್ರದ್ದೂ ಏನೂ ಇಲ್ವಂತೆ. ಎಲ್ಲಾ ನಮ್ದೇ ಅಂತೆ. ಜಂಟಿ ಅಂತೆ."

ಹಿರಿಯವಳು, "ಹೋಗ್ಲಿ ಬಿಡು. ನಿಜಾನೂ ಅವ್ರಿಗೇ ಉಪಯೋಗಕ್ಕೆ ಬಂತು," ಅಂದಳು. ಕಾಲಿನ ಕಡೆ ಕಣ್ಣು ತೋರಿಸಿದಳು. "ಹೊದಿಕೆ ಜಾರಿದೆ ನೋಡು."

ಕಿರಿಯವಳು ಗೆರೆ ದಾಟಿ ಹೋಗಿ, ಹೊದಿಕೆಯನ್ನು ಪಾದದವರೆಗೂ ಎಳೆದು, ಸುತ್ತಲೂ ಒತ್ತಿ ಸಿಕ್ಕಿಸಿದಳು. ಹಿರಿಯವಳು ಅವಳ ಕೈಯನ್ನು ಹಿಡಿಯಲಿಲ್ಲ, ದೂಡಲೂ ಇಲ್ಲ.

"ನಿನ್ನೆ ಯಾಕೇ ಬರ್ಲಿಲ್ಲ?" ಎಂದು ಕೇಳಿದಳು.

ಕಿರಿಯವಳು ಹೊದಿಕೆಯ ಅಂಚನ್ನು ಮತ್ತೊಮ್ಮೆ ಒತ್ತಿದಳು.

ಮೇಲಿನ ತೊಟ್ಟಿಗೆ ನೀರು ಬಿಟ್ಟ ಸದ್ದು ಗೋಡೆಯೊಳಗಿನ ಪೈಪುಗಳಲ್ಲಿ ಕೇಳಿಸಿತು. ಜಾಲರಿ ಗುಳುಗುಳು ಎಂದಿತು. ಕಪ್ಪು ನೀರು ಉಕ್ಕಿ, ಸ್ಟ್ರೆಚರಿನ ಗಾಲಿಗಳ ಸುತ್ತ ಹರಡತೊಡಗಿತು. ಹಳೇ ಕಟ್ಟಡದ ಹೆಂಗಸರು ವೈಪರು ಹಿಡಿದು ಗೆರೆಯ ಆ ಕಡೆ ಬಂದು ನಿಂತರು. ಹಿರಿಯವಳನ್ನು ನೋಡುತ್ತಾ, ತಳ್ಳುವುದೋ ಬೇಡವೋ ತಿಳಿಯದೆ ನಿಂತೇ ಇದ್ದರು.

ಕಿರಿಯವಳು ತನ್ನ ವೈಪರನ್ನು ಎತ್ತಿಕೊಂಡಳು. ಆ ಕಡೆಗೆ ತಳ್ಳಲಿಲ್ಲ. ನೀರನ್ನು ಸುತ್ತುಹಾಕಿ ಬಂದು, ಅದರ ಹಿಂದೆ ನಿಂತು, ಕಾರಿಡಾರಿನ ತುದಿಯ ಮುಚ್ಚಿದ ಬಾಗಿಲಿನ ಕಡೆಗೆ ತಳ್ಳತೊಡಗಿದಳು.

"ಎಲ್ಲಿಗೇ?" ಎಂದು ಹಳೇ ಕಡೆಯ ಒಬ್ಬಳು ಕೇಳಿದಳು.

"ಒಪ್ಪಂದ ಆದ ಕಡೆಗೆ."

ಆ ಹೆಂಗಸು ಗೆರೆಯನ್ನು ನೋಡಿದಳು, ಸ್ಟ್ರೆಚರನ್ನು ನೋಡಿದಳು. ಆಮೇಲೆ ದಾಟಿ ಬಂದು ಕಿರಿಯವಳ ಪಕ್ಕ ವೈಪರಿಟ್ಟಳು. ಇನ್ನೊಬ್ಬಳು ಬಂದಳು. ಹೊಸ ಕಟ್ಟಡದ ಮೆಟ್ಟಿಲು ಗುಡಿಸುತ್ತಿದ್ದವಳು ಪೊರಕೆಯೊಂದಿಗೇ ಇಳಿದುಬಂದಳು. ನೀರು ಅವರ ಮುಂದೆ ಕಪ್ಪಗೆ ಗುಡ್ಡೆಗಟ್ಟಿಕೊಂಡು ಹೊರಟಿತು. ಬೆಂಚಿನ ಮೇಲಿನವರು ಒಬ್ಬೊಬ್ಬರಾಗಿ ಕಾಲು ಮೇಲೆತ್ತಿಕೊಂಡರು.

ಮೀಟಿಂಗ್ ರೂಮಿನ ಬಾಗಿಲು ತೆರೆಯಿತು. ಸೀಟಿ ಹೊರಗೆ ಕಾಲಿಟ್ಟವನು ಹಾಗೆಯೇ ನಿಂತ. ಅವನ ಬೆನ್ನ ಹಿಂದೆ ಮೇಜು, ಕಪ್ಪುಗಳು, ಕೈಕುಲುಕಲು ಎದ್ದು ನಿಂತಿದ್ದ ಇಬ್ಬರು ಕಾಣಿಸಿದರು.

"ಏಯ್! ಏಯ್! ಯಾವ ಕಡೆಯವ್ಳೇ ನೀನು?" ಎಂದು ಆಡಳಿತ ಮಂಡಳಿಯ ಅಧಿಕಾರಿ ಒಳಗಿನಿಂದ ಕಿರುಚಿದರು.

ಸೀಟಿ ಊದಿದ. ಒಮ್ಮೆ, ಮತ್ತೊಮ್ಮೆ. ಕಿರಿಯವಳ ಮುಖ ಕಿವಿಯವರೆಗೂ ಸುಡುತ್ತಿತ್ತು. ಅವನ ಭಯಕ್ಕಲ್ಲ, ಹಿಂದೆ ಸ್ಟ್ರೆಚರಿನಲ್ಲಿ ಮಲಗಿದ್ದವಳ ಕಣ್ಣು ತನ್ನ ಬೆನ್ನಿನ ಮೇಲಿದೆಯೆಂಬ ನಾಚಿಕೆಗೆ. ಅವಳು ಕಾಲೂರಿ, ಉಸಿರೆಳೆದುಕೊಂಡು, ನಿನ್ನೆ ನುಂಗಿದ್ದನ್ನು ಇಂದು ಗಂಟಲು ಹರಿಯುವಂತೆ ಕೂಗಿದಳು:

"ಬಂತು ನೋಡೀ!"

ಮತ್ತು ತಳ್ಳಿದಳು.