ಪಂಖದ ಹಗ್ಗ

ಕೆಪ್ಪನ ಕೆಲಸ ಹಗ್ಗ ಎಳೆಯುವುದು. ದೊರೆಯ ಬಂಗಲೆಯ ಕಚೇರಿಕೋಣೆಯ ಮಾಡಿಗೆ ಮಂಚದಗಲದ ಬಟ್ಟೆಯ ಪಂಖ ತೂಗುಹಾಕಿದ್ದರು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗೆ ಬಂದು ಕೆಪ್ಪನ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಒಳಗೆ ದೊರೆಗೆ ತಂಗಾಳಿ. ಹೊರಗೆ ಇವನಿಗೆ ಬಿಸಿಲು, ಬೆರಳಿಗೆ ಹುಣ್ಣು.

ಈ ಕೆಲಸಕ್ಕೆ ಕೆಪ್ಪರನ್ನೇ ಹುಡುಕಿ ಇಡುತ್ತಿದ್ದರು. ಸಮುದ್ರ ದಾಟಿ ಬಂದು ನಮ್ಮನ್ನು ಆಳುವವರ ಒಳಮಾತು ಆಳುಗಳ ಕಿವಿಗೆ ಬೀಳಬಾರದಲ್ಲ! ಕಿವುಡಿಗೂ ಕೂಲಿ ಕೊಡುವ ಧರ್ಮಾತ್ಮರು.

ನಾನು ಆ ಬಂಗಲೆಯ ಅಡುಗೆಯವ. ಹಿತ್ತಲ ಕೋಣೆಯಲ್ಲಿ ನಾನು, ಕೆಪ್ಪ ಇಬ್ಬರೇ. ನನಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ದೊರೆಯ ಅನ್ನ ತಿನ್ನುವವನೆಂದು ಬೀದಿಯವರು ಮಾತು ಬಿಟ್ಟಿದ್ದರು. ಮಾತಿಲ್ಲದೆ ಹೊಟ್ಟೆ ಉಬ್ಬಿದಾಗ ಕೆಪ್ಪನ ಮುಂದೆ ಕೂತು ಎಲ್ಲ ಹೇಳಿಕೊಳ್ಳುತ್ತಿದ್ದೆ. ಸತ್ತ ಹೆಂಡತಿಯ ಸುದ್ದಿ, ದೊರೆಯ ಊಟಕ್ಕೆ ಉಗಿದ ಸುದ್ದಿ. ಅವನು ಗೋಡೆ ನೋಡುತ್ತ ಕೂತಿರುತ್ತಿದ್ದ. ಹತ್ತಿರವೇ ಒಬ್ಬ ಮನುಷ್ಯ ಇದ್ದೂ ಯಾರೂ ಇಲ್ಲವಲ್ಲ ಎಂದು ಎಷ್ಟೋ ಸಲ ಅತ್ತಿದ್ದೇನೆ.

ಒಂದು ಮಧ್ಯಾಹ್ನ ಪೊಲೀಸರು ಶಾಲೆಯ ಮೇಷ್ಟರನ್ನು ಹಿಡಿದು ತಂದರು. ಮಾರುಕಟ್ಟೆಯಲ್ಲಿ ನಿಂತು, ಈ ನಾಡನ್ನು ನಾವೇ ಆಳಿಕೊಳ್ಳಬೇಕು ಎಂದಿದ್ದರಂತೆ. ನಾನು ಚಹಾ ಹಿಡಿದು ಒಳಗೆ ಹೋದೆ. ದೊರೆಗೆ ನಮ್ಮ ಭಾಷೆ ಬರುತ್ತಿತ್ತು. ಬೈಯುವುದಕ್ಕೆ ಬೇಕಲ್ಲ.

"ರಸ್ತೆ ಮಾಡಿಸಿದೋರು ಯಾರು? ಆಸ್ಪತ್ರೆ ಕಟ್ಟಿಸಿದೋರು ಯಾರು? ನಾವು ಹೋದ್ರೆ ನೀವು ಹೊಡೆದಾಡಿ ಸಾಯ್ತೀರಿ."

"ಕಲ್ಲು ಹೊತ್ತೋರು ನಮ್ಮೋರು ಸ್ವಾಮಿ. ಆ ರಸ್ತೇಲಿ ನಮ್ಮ ಬೆಳೆ ನಿಮ್ಮ ಹಡಗಿಗೆ ಹೋಗುತ್ತೆ, ವಾಪಸ್ ಏನೂ ಬರಲ್ಲ. ಇನ್ನು ಹೊಡೆದಾಟ? ನಮ್ಮ ಮನೆ ಜಗಳ ನಮಗಿರಲಿ. ಸುಣ್ಣ ಹೊಡೆಸಿದ ಮಾತ್ರಕ್ಕೆ ಮನೆ ನಿಮ್ಮದಾಗುತ್ತಾ?"

ದೊರೆ ನಕ್ಕ. "ಇದು ನಿನ್ನೊಬ್ಬನ ಹುಚ್ಚು. ಜನಕ್ಕೆ ಬೇಕಾಗಿಲ್ಲ. ಹೊರಗೆ ಹಗ್ಗ ಎಳಿತಾನಲ್ಲ, ಅವನು ಬೇಕು ಅಂದನಾ? ಒಬ್ಬನೇ ಒಬ್ಬ ನಿನ್ನ ಪರ ಬರಲಿ, ಈಗಲೇ ಬಿಟ್ಟುಬಿಡ್ತೀನಿ."

ಮೇಷ್ಟರು ನನ್ನ ಕಡೆ ನೋಡಿದರು. ನಾನು ಚಹಾದ ತಟ್ಟೆ ನೋಡಿದೆ.

ಪಂಖ ನಿಂತಿತು.

ಬಾಗಿಲಲ್ಲಿ ಕೆಪ್ಪ. ಬೆರಳಲ್ಲಿ ಹಗ್ಗವಿರಲಿಲ್ಲ.

"ಬೇಕು ಸ್ವಾಮಿ."

ಆ ದನಿ ಯಾರದೋ ಅನ್ನಿಸಿತು. ಬಳಸದೆ ತುಕ್ಕು ಹಿಡಿದ ಗಂಟಲು. "ನನ್ನ ಕಿವಿ ಚೆನ್ನಾಗೇ ಇದೆ. ಹೊಟ್ಟೆಪಾಡಿಗೆ ಕೆಪ್ಪ ಆದೆ. ನೀವು ಪೊಲೀಸರ ಹತ್ರ ನಮ್ಮನ್ನ ದನ ಅಂದಿದ್ದು, ಹೆದರಿಸಿದ್ರೆ ಸಾಕು ಅಂದಿದ್ದು, ಎಲ್ಲ ಕಿವಿಗೆ ಬಿದ್ದಿದೆ. ನಮ್ಮ ನಾಡು ನಮಗೆ ಬೇಕು."

ಆಮೇಲೆ ನನ್ನ ಕಡೆ ತಿರುಗಿದ.

"ಅಣ್ಣಾ, ಅತ್ತಿಗೆ ಸುದ್ದಿ ಹೇಳ್ತಿದ್ದೆಯಲ್ಲ, ಅದೂ ಎಲ್ಲ ಕೇಳಿಸ್ಕೊಂಡಿದೀನಿ. ಅಳಬೇಡ ಅನ್ನೋಕೂ ಬಾಯಿ ಬಿಡೋ ಹಾಗಿರಲಿಲ್ಲ. ತಪ್ಪು ತಿಳ್ಕೋಬೇಡ."

ಅಷ್ಟು ದಿನ ನನಗೊಬ್ಬ ತಮ್ಮನಿದ್ದ. ಗೊತ್ತಾಗುವ ಹೊತ್ತಿಗೆ ಅವನ ಕೈಗೆ ಬೇಡಿ ಬಿದ್ದಿತ್ತು. ದೊರೆ ಆಡಿದ ಮಾತು ಉಳಿಸಿಕೊಳ್ಳಲಿಲ್ಲ; ಮೇಷ್ಟರನ್ನೂ ಅವನನ್ನೂ ಒಟ್ಟಿಗೇ ಎಳೆದೊಯ್ದರು.

ಕೋಣೆಯಲ್ಲಿ ದೊರೆ, ನಾನು, ವಿಪರೀತ ಸೆಕೆ. ದೊರೆಯ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಏಯ್, ಹೋಗಿ ಹಗ್ಗ ಎಳಿ."

ನಾನು ಗೋಡೆ ನೋಡುತ್ತ ನಿಂತೆ.

"ಎಳಿಯೋ! ಕಿವುಡೇನೋ ನಿನಗೆ?"

ನನಗೆ ಏನೂ ಕೇಳಿಸಲಿಲ್ಲ.