ಚುಕ್ಕಿ ಇರಲೇಬೇಕು

"ನಿಲ್ಲಿಸಿ! ಯಜಮಾನ್ರೇ, ಮಿಷನ್ ನಿಲ್ಲಿಸಿ!"

ಇಸುಲ್ ಕೂಗಿದ್ದು ಪ್ಯೋ ಅವರಿಗೆ ಕೇಳಿಸಲಿಲ್ಲ. ಸಿಯೋಲಿನ ಉಲ್ಜಿರೋದ ಆ ಇಕ್ಕಟ್ಟು ಓಣಿಯ ಮುದ್ರಣಾಲಯದಲ್ಲಿ ಮಿಷನ್ ಓಡುತ್ತಿರುವಾಗ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ಅವಳೇ ಎರಡು ಹೆಜ್ಜೆ ಮುಂದೆ ಹೋಗಿ ಕೆಂಪು ಗುಂಡಿ ಒತ್ತಿದಳು. ದಡದಡ ಸದ್ದು ನಿಧಾನವಾಗಿ ಇಳಿದು ನಿಂತಿತು. ಹೊರಗೆ ಕಾಗದದ ಬಂಡಲು ಹೇರಿಕೊಂಡು ಹೋಗುವ ಮೂರು ಗಾಲಿಯ ಬೈಕೊಂದರ ಹಾರನ್ ಮಾತ್ರ ಉಳಿಯಿತು.

"ಏನಮ್ಮಾ, ನನ್ನ ಕೈ ಬಿದ್ದುಹೋಗಿತ್ತಾ?" ಪ್ಯೋ ಕೆಂಡವಾದರು. ನಲವತ್ತು ವರ್ಷದಲ್ಲಿ ತಮ್ಮ ಮಿಷನ್ನಿನ ಗುಂಡಿಯನ್ನು ಬೇರೆಯವರು ಮುಟ್ಟಿದ್ದನ್ನು ಅವರು ಕಂಡಿರಲಿಲ್ಲ. "ಹೇಳಿದ್ರೆ ನಾನೇ ನಿಲ್ಲಿಸ್ತಿರಲಿಲ್ವಾ?"

"ಎರಡು ಸಲ ಹೇಳಿದೆ. ಇದೇನಿದು?"

ಅವಳ ಕೈಯಲ್ಲಿದ್ದ ಹಾಳೆಯ ಕಡುನೀಲಿ ಮಸಿ ಇನ್ನೂ ಹಸಿಯಾಗಿತ್ತು. ಇಡೀ ಹಾಳೆ ತುಂಬ ಒಂದೇ ಒಂದು ದೊಡ್ಡ ಅಕ್ಷರ. ಪ್ಯೋ ಕನ್ನಡಕವನ್ನು ಹಣೆಯಿಂದ ಇಳಿಸಿ ನೋಡಿದರು.

"ಸರಿಯಾಗೇ ಇದೆಯಲ್ಲ. 'ದಲ್'. ಚಂದ್ರ. ಇವತ್ತು ಬೆಳಿಗ್ಗೆ ಸಂಗ್ರಹಾಲಯದಿಂದ ಪ್ರದರ್ಶನದ ಪೋಸ್ಟರಿಗೆ ಹೊಸ ಫೈಲ್ ಬಂತು, ಹಳೇದು ಬಿಟ್ಟು ಇದನ್ನೇ ಹಾಕಿ ಅಂದ್ರು. ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ."

ಅವಳಿಗೆ ಗೊತ್ತಿರಲಿಲ್ಲ. ಕೊರಿಯನ್ ಬರಹದಲ್ಲಿ ವ್ಯಂಜನ, ಸ್ವರಗಳೆಲ್ಲ ಒಂದೇ ಚೌಕದೊಳಗೆ ಕೂರುತ್ತವೆ. ಅವಳು ಬರೆದ ಅಕ್ಷರದಲ್ಲಿ ಮೇಲೆ 'ದ್', ಕೆಳಗೆ 'ಲ್', ಎರಡರ ನಡುವೆ ಸ್ವರದ ಜಾಗದಲ್ಲಿ ಒಂದು ದುಂಡು ಚುಕ್ಕಿ ಇತ್ತು. ಚುಕ್ಕಿಯನ್ನು ಯಾರೋ ಕಿತ್ತು ಹಾಕಿ, ಪಕ್ಕದಲ್ಲಿ ಶಾಲೆಯ ಪುಸ್ತಕದಲ್ಲಿರುವಂಥ 'ಅ'ಕಾರದ ಕಡ್ಡಿ ನಿಲ್ಲಿಸಿದ್ದರು. ಕಡ್ಡಿಯ ದಪ್ಪ ಕೂಡ ಉಳಿದ ಗೆರೆಗಳಿಗೆ ಹೊಂದುತ್ತಿರಲಿಲ್ಲ.

ಇಸುಲ್ ಹುಟ್ಟಿ ಬೆಳೆದ ಜೇಜು ದ್ವೀಪದಲ್ಲಿ ಮುದುಕಿಯರು ಚಂದ್ರನನ್ನು 'ದಲ್' ಎನ್ನುವುದಿಲ್ಲ. 'ದೋಲ್' ಎಂದರೆ ಕಲ್ಲು, ಹಾಗೂ ಅನ್ನುವುದಿಲ್ಲ. ಅವೆರಡರ ನಡುವೆ, ಗಂಟಲಿನ ಒಳಗೆಲ್ಲೋ ಹುಟ್ಟುವ ಒಂದು ಸ್ವರ ಅವರದು. ಆ ಸ್ವರಕ್ಕೆ ಚುಕ್ಕಿಯೇ ಅಕ್ಷರ. ತೊಂಬತ್ತು ವರ್ಷಗಳ ಹಿಂದೆ ರಾಜಧಾನಿಯ ಪಂಡಿತರು ಕೂತು ಇನ್ನು ಇದು ಬೇಡ ಎಂದು ಚುಕ್ಕಿಯನ್ನು ವರ್ಣಮಾಲೆಯಿಂದ ಕೈಬಿಟ್ಟರು. ಮುದುಕಿಯರಿಗೆ ಆ ಸುದ್ದಿ ಯಾರೂ ಮುಟ್ಟಿಸಲಿಲ್ಲ. ಸಮುದ್ರದ ತಳಕ್ಕೆ ಮುಳುಗಿ ಶಂಖ, ಚಿಪ್ಪು ಹೆಕ್ಕುವ ಆ ಹೆಂಗಸರು ಚಂದ್ರನನ್ನು ನೋಡಿ ಉಬ್ಬರವಿಳಿತದ ಲೆಕ್ಕ ಹಾಕಿಯೇ ನೀರಿಗಿಳಿಯುವವರು. ಅವರ ಮಾತುಗಳದ್ದೇ ಈ ಪ್ರದರ್ಶನ. ಅದಕ್ಕಾಗಿ ಇಸುಲ್ ಮೂರು ವರ್ಷ ಕೂತು ಚುಕ್ಕಿ ಇರುವ ಒಂದು ಅಕ್ಷರಮಾಲೆಯನ್ನೇ, ಇಡೀ ಫಾಂಟನ್ನೇ ಬರೆದಿದ್ದಳು.

"ಮುಂದೆ ಓಡಿಸ್ಬೇಡಿ, ಯಜಮಾನ್ರೇ. ನಾನು ಹೋಗಿ ಬರ್ತೀನಿ."

"ಇದರ ಹಿಂದೆ ಬೇರೆ ಕೆಲಸ ಕಾದಿದೆ. ಮಧ್ಯಾಹ್ನ ಮೂರರ ತನಕ ಮಾತ್ರ ಕಾಯ್ತೀನಿ. ಅಷ್ಟರಲ್ಲಿ ಬಾ. ಬರದಿದ್ರೆ ಇದೇ ಓಡುತ್ತೆ."

ನದಿಯಾಚೆಯ ಸಂಗ್ರಹಾಲಯದಲ್ಲಿ ಪ್ರದರ್ಶನ ವಿಭಾಗದ ಮುಖ್ಯಸ್ಥ ನಾಮ್‌ಗುಂಗ್ ಅವಳಿಗಾಗಿಯೇ ಕಾದಿದ್ದವರಂತೆ ಕುರ್ಚಿ ತೋರಿಸಿ, ತಾವೇ ಕಾಗದದ ಲೋಟದಲ್ಲಿ ಕಾಫಿ ಕಲಸಿ ತಂದಿಟ್ಟರು. ಕೆಟ್ಟ ಮನುಷ್ಯನಲ್ಲ. ಕಣ್ಣ ಕೆಳಗೆ ನಾಲ್ಕು ದಿನದ ನಿದ್ದೆ ಬಾಕಿ ಇದ್ದಂತಿತ್ತು.

"ಡಿಸೈನರ್ ಅವರೇ, ಮೊದಲೇ ಹೇಳ್ಬೇಕಿತ್ತು, ತಪ್ಪಾಯ್ತು. ಆದರೆ ನೀವೇ ಯೋಚಿಸಿ. ಮೇಲಿನವರು ಮಾದರಿ ನೋಡಿ ಮೊದಲು ಕೇಳಿದ್ದೇ 'ಇಲ್ಲಿ ಪ್ರಿಂಟ್ ತಪ್ಪಿದೆಯಲ್ಲ' ಅಂತ. ನಾನು ವಿವರಿಸಿದೆ. 'ಹೋಗಿ ಬರೋ ಪ್ರತಿಯೊಬ್ಬರಿಗೂ ನೀನು ಪೋಸ್ಟರ್ ಪಕ್ಕ ನಿಂತು ವಿವರಿಸ್ತೀಯಾ' ಅಂದ್ರು. ಜನರ ದುಡ್ಡಲ್ಲಿ ನಡೆಯೋ ಪ್ರದರ್ಶನ ಇದು. ಜನಕ್ಕೆ ಓದೋಕೆ ಬರ್ಬೇಕು ತಾನೆ?"

"ಪ್ರದರ್ಶನ ಇರೋದೇ ಆ ಮಾತಿನ ಬಗ್ಗೆ, ಸರ್."

"ಒಳಗೆ ಪುಸ್ತಕದಲ್ಲಿ ಇರಲಿ, ಗೋಡೆಗಳ ಮೇಲೂ ಇರಲಿ. ಎಷ್ಟು ಚುಕ್ಕಿ ಬೇಕಾದರೂ ಇಡಿ. ಹೊರಗಿನ ಪೋಸ್ಟರ್ ಒಂದು ಬಿಟ್ಟುಕೊಡಿ."

ಒಳಗೆ ಇರಲಿ, ಹೊರಗೆ ಬೇಡ. ಇಸುಲ್ ಈ ಮಾತನ್ನು ಬಲ್ಲಳು. ಹದಿನೆಂಟರಲ್ಲಿ ಸಿಯೋಲಿಗೆ ಓದಲು ಬಂದಾಗ, ಅಜ್ಜಿಯೊಡನೆ ಫೋನಿನಲ್ಲಿ ಮಾತಾಡಿದ್ದನ್ನು ಕೇಳಿ ಹಾಸ್ಟೆಲಿನ ಹುಡುಗಿ "ಯಾವ ದೇಶದವರ ಜೊತೆ ಮಾತಾಡ್ತಿದ್ದೆ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮರುದಿನದಿಂದ ಇಸುಲ್ ಫೋನ್ ಹಿಡಿದು ಮೆಟ್ಟಿಲ ಸಂದಿಗೆ ಹೋಗತೊಡಗಿದಳು. ಆಮೇಲೆ ಮೆಟ್ಟಿಲಿಗೂ ಹೋಗುವುದು ಕಡಿಮೆಯಾಯಿತು. ಅಜ್ಜಿ ತೀರಿಕೊಂಡಾಗ ಊರಿಗೆ ಹೋದರೆ, ಸಮಾಧಾನ ಹೇಳಲು ಬಂದ ಹೆಂಗಸರಿಗೆಲ್ಲ ಅವಳ ಬಾಯಿಂದ ಬಂದದ್ದು ಸಿಯೋಲಿನ ಮಾತು. ಅವರು ಅವಳನ್ನು ಅತಿಥಿಯಂತೆ ಕೂರಿಸಿ ಊಟ ಬಡಿಸಿದ್ದರು.

"ಬಿಟ್ಟುಕೊಡಲ್ಲ ಸರ್. ಅಕ್ಷರಗಳು ನನ್ನವು, ನಿಮಗೆ ಬಳಸೋಕೆ ಕೊಟ್ಟಿದ್ದೀನಿ ಅಷ್ಟೆ. ಚುಕ್ಕಿ ತೆಗೆದರೆ ಎಲ್ಲವನ್ನೂ ವಾಪಸ್ ತಗೋತೀನಿ."

ನಾಮ್‌ಗುಂಗ್ ಲೋಟವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ತಗೊಳ್ಳಿ. ಕಂಪ್ಯೂಟರಲ್ಲಿ ಬೇರೆ ಫಾಂಟ್ ನೂರಿವೆ. ಪ್ರದರ್ಶನ ನಿಲ್ಲಲ್ಲ. ನಿಮ್ಮ ಕೆಲಸ ನಿಲ್ಲುತ್ತೆ, ಅದನ್ನೂ ಯೋಚಿಸಿ."

ಅವರು ಹೇಳಿದ್ದು ಸುಳ್ಳಲ್ಲ. ಇಸುಲ್ ಹೊರಗೆ ಹೋಗಿ ಕಾರಿಡಾರಿನ ಕಿಟಕಿಯ ಬಳಿ ನಿಂತಳು. ಯಾರಿಗೆ ಫೋನ್ ಮಾಡಬೇಕೆಂದು ತೋಚದೆ, ಕೊನೆಗೆ ಚ್ವಾ ಮಾಲ್ಸುನ್‌ಗೆ ಮಾಡಿದಳು. ಎಂಬತ್ನಾಲ್ಕರ ಮುದುಕಿ, ಪ್ರದರ್ಶನದಲ್ಲಿ ಕೇಳಿಸಲೆಂದು ರೆಕಾರ್ಡ್ ಮಾಡಿಕೊಂಡ ಹನ್ನೊಂದು ಹೆಂಗಸರ ದನಿಗಳಲ್ಲಿ ಹಿರಿಯ ದನಿ. ರಕ್ತಸಂಬಂಧವೇನಿಲ್ಲ, ಅಜ್ಜಿಯ ಜೊತೆ ಒಂದೇ ನೀರಿಗೆ ಇಳಿದವಳು.

"ಯಾರು, ಬು ಮನಿತನದ ಕೂಸೇನು? ಉಂಡೀ?"

"ಇನ್ನೂ ಇಲ್ಲ ದೊಡ್ಡವ್ವ."

"ಅಷ್ಟು ದೊಡ್ಡ ಊರಾಗ ಅನ್ನ ಸಿಗಂಗಿಲ್ಲೇನು? ದನಿ ಯಾಕ ಹಂಗ ಅದ?"

"ನಮ್ಮ ಚುಕ್ಕಿ ತಗದಾರ, ದೊಡ್ಡವ್ವ. ಸಿಯೋಲಿನವರ ಹಂಗ ಬರದಾರ. ಚುಕ್ಕಿ ಇದ್ರ ಯಾರಿಗೂ ಓದಾಕ ಬರಂಗಿಲ್ಲಂತ."

"ನನಗೂ ಅರವತ್ತು ವರ್ಷ ಓದಾಕ ಬರತಿದ್ದಿಲ್ಲ. ಕಲತೆ. ಅವರಿಗೇನು ಧಾಡಿ?" ಎಂದಳು ಮಾಲ್ಸುನ್. "ಅಲ್ಲವ್ವಾ, ನಮ್ಮ ಕಡಿಂದ ಒಂದು ಕಾಗದಕ್ಕ ಸಹಿ ಹಾಕಿಸ್ಕೊಂಡ್ರಲ್ಲ, ಅದರಾಗ ಮೂರನೇ ಸಾಲಿನ್ಯಾಗ ಏನೈತಿ?"

ಇಸುಲ್‌ಗೆ ನೆನಪಾಗಲಿಲ್ಲ.

"ಬಾಗಿಲು ತೆರೆಯೋತನಕ ಯಾವಾಗ ಬೇಕಾದ್ರೂ ನನ್ನ ದನಿ ನಾ ವಾಪಸ್ ಕೇಳಬಹುದಂತ ಐತಿ. ನೀನ ಅದನ್ನ ದೊಡ್ಡ ಅಕ್ಷರದಾಗ ಮಾಡಿಕೊಟ್ಟಿದ್ದಿ, ಕನ್ನಡಕ ಇಲ್ಲದ ಓದೀನಿ. ಹೋಗು, ಆ ಸಾಹೇಬನ ಮುಂದ ಫೋನ್ ಇಡು."

ಇಸುಲ್ ಒಳಗೆ ಹೋಗಿ ನಾಮ್‌ಗುಂಗ್ ಅವರ ಮೇಜಿನ ಮೇಲೆ ಫೋನ್ ಇಟ್ಟಳು. ಮಾಲ್ಸುನ್ ಮಾತಾಡತೊಡಗಿದಳು. ಅರ್ಧ ಸಮುದ್ರ ದಾಟಿ ಕೂಗುವವಳಂತೆ ಕೂಗಿದಳು. ಗಾಳಿಯ ಮೇಲೆ ದನಿ ಏರಿಸಿ ಮಾತಾಡಿ ಅಭ್ಯಾಸವಾದ ಗಂಟಲು. ಪಕ್ಕದ ಕೋಣೆಯಿಂದ ಇಬ್ಬರು ಇಣುಕಿ ನೋಡಿದರು. ನಾಮ್‌ಗುಂಗ್ ತಲೆ ಬಗ್ಗಿಸಿ "ಹೌದಮ್ಮ... ಹೌದು" ಎನ್ನುತ್ತ, ನಡುನಡುವೆ ಇಸುಲ್ ಮುಖ ನೋಡಿದರು.

"ಏನಂತಿದ್ದಾರೆ?"

"ಬೈತಿದ್ದಾರೆ."

"ಅದು ಗೊತ್ತಾಯ್ತು. ಏನಂತ?"

"ಚಂದ್ರನ ಹೆಸರು ಬದಲಾದ್ರೆ ಹನ್ನೊಂದು ಜನರೂ ದನಿ ವಾಪಸ್ ತಗೋತಾರಂತೆ. ಸಂಜೆಯೊಳಗೆ ಉಳಿದವರ ಮನೆಮನೆಗೂ ಹೋಗ್ತಾರಂತೆ. ಮಿಕ್ಕಿದ್ದನ್ನ ನಾನು ಅನುವಾದ ಮಾಡಲ್ಲ ಸರ್."

ನಾಮ್‌ಗುಂಗ್ ಎದ್ದು ಬಾಗಿಲು ಹಾಕಿ ಬಂದು, ಮೇಲಿನವರಿಗೆ ಫೋನ್ ಮಾಡಿದರು. ಅರ್ಧ ಗಂಟೆ ಅವರ ಬಾಯಲ್ಲಿ ಬರೀ ಕ್ಷಮೆ. ಕೊನೆಗೆ ಫೋನ್ ಇಟ್ಟು, ಅವಳತ್ತ ನೋಡದೆ ಹೇಳಿದರು.

"ಹಳೇ ಫೈಲೇ ಹೋಗಲಿ. ಆದರೆ ಪೋಸ್ಟರಿನಲ್ಲಿ ನಿಮ್ಮ ಹೆಸರಿರಲ್ಲ. ಇದರಲ್ಲಿ ಏನೇ ತಪ್ಪು ಅಂತ ಬಂದರೂ ಹೊಣೆ ಸಂಗ್ರಹಾಲಯದ್ದಲ್ಲ ಅಂತ ನೀವು ಬರೆದುಕೊಡಬೇಕು. ಮುಂದಿನ ವರ್ಷದ ಕೆಲಸ ಬೇರೆಯವರಿಗೆ."

"ಹೆಸರು ಮೊದಲೇ ತೀರಾ ಸಣ್ಣದಾಗಿ ಹಾಕಿದ್ದೆ ಸರ್. ತೆಗೆದರೆ ಯಾರಿಗೂ ಗೊತ್ತಾಗಲ್ಲ. ಕಾಗದ ಕೊಡಿ, ಬರೀತೀನಿ."

ಬರೆದುಕೊಟ್ಟಳು. ಮೆಟ್ಟಿಲಿಳಿಯುವಾಗ ಮಾತ್ರ, ಮುಂದಿನ ವರ್ಷ ಸ್ಟುಡಿಯೋ ಹೇಗೆ ನಡೆಯುತ್ತದೆ ಎಂಬ ಯೋಚನೆ ಬಂದು ಕಂಬಿ ಹಿಡಿದುಕೊಂಡಳು. ಹಿಡಿದುಕೊಂಡೇ ಇಳಿದಳು.

ಎರಡೂ ಮುಕ್ಕಾಲಿಗೆ ಅವಳು ಓಣಿ ತಲುಪಿದಾಗ ಪ್ಯೋ ಮಿಷನ್ ಮುಂದೆ ಕೂತು ಸ್ಟೀಲ್ ಲೋಟದಲ್ಲಿ ನೀರು ಕುಡಿಯುತ್ತಿದ್ದರು. ಚುಕ್ಕಿ ಇದ್ದ ಹಳೆಯ ಅಚ್ಚಿನ ಪ್ಲೇಟನ್ನು ಆಗಲೇ ಮಿಷನ್ನಿಗೆ ಹತ್ತಿಸಿಯಾಗಿತ್ತು.

"ಅವರು ಬೇಡ ಅಂದಿದ್ರೆ?" ಎಂದು ಇಸುಲ್ ಪ್ಲೇಟಿನ ಮೂಲೆಯಲ್ಲಿದ್ದ ತನ್ನ ಹೆಸರನ್ನು ಅಳಿಸುತ್ತ ಕೇಳಿದಳು.

"ತೆಗೀತಿದ್ದೆ. ಕೈ ಬಿದ್ದುಹೋಗಿಲ್ಲವಲ್ಲ. ಈಗ ಬೇಕಾದರೆ ನೀನೇ ಒತ್ತು, ಗುಂಡಿ ಎಲ್ಲಿದೆ ಅಂತ ನಿನಗೆ ಗೊತ್ತು."

ಪ್ರದರ್ಶನ ತೆರೆಯುವ ಹಿಂದಿನ ದಿನ ಮಾಲ್ಸುನ್ ವಿಮಾನದಲ್ಲಿ ಬಂದಿಳಿದಳು. ನೇರಳೆ ಬಣ್ಣದ ದಪ್ಪ ಜಾಕೀಟು, ಒಣ ಕಡಲಪಾಚಿಯ ಎರಡು ಚೀಲ. ಸುರಂಗ ರೈಲಿನ ನಿಲ್ದಾಣದಲ್ಲಿ, ಪ್ಲಾಟ್‌ಫಾರ್ಮಿನ ಗೋಡೆಗೆ ಆಳೆತ್ತರದ ಪೋಸ್ಟರ್ ಅಂಟಿಸಿದ್ದರು. ಮಾಲ್ಸುನ್ ಚೀಲ ಕೆಳಗಿಟ್ಟು, ಮೂಗು ತಾಗುವಷ್ಟು ಹತ್ತಿರ ಹೋಗಿ, ಮತ್ತೆ ಹಿಂದೆ ಬಂದು ನೋಡಿದಳು.

"ಚುಕ್ಕಿ ಸಣ್ಣದಾತು," ಎಂದಳು.

"ದೊಡ್ಡವ್ವ, ಅದರ ಸಲುವಾಗಿ ಎಷ್ಟು ಜಗಳ ಆಡೀನಿ ಗೊತ್ತೇನು?"

"ಇನ್ನೊಂದು ಚೂರು ಆಡಿದ್ರ ಇನ್ನೊಂದು ಚೂರು ದೊಡ್ಡದಾಗತಿತ್ತು."

ಪಕ್ಕದಲ್ಲಿ ಟೈ ಕಟ್ಟಿದ ನಡುವಯಸ್ಸಿನವನೊಬ್ಬ ಬ್ಯಾಗು ಎದೆಗವಚಿಕೊಂಡು ಆಗಿನಿಂದ ಪೋಸ್ಟರನ್ನೇ ನೋಡುತ್ತಿದ್ದ. ಕೊನೆಗೆ ಸಂಕೋಚದಿಂದಲೇ ಕೇಳಿದ:

"ಅಮ್ಮಾ, ಇದನ್ನ ಏನಂತ ಓದ್ಬೇಕು?"

ಮಾಲ್ಸುನ್ ಹೇಳಿದಳು. ಅವನು "ದಲ್" ಎಂದ. ಅವಳು ಅಲ್ಲ ಎಂದು ತಲೆಯಾಡಿಸಿದಳು. "ದೋಲ್?" ಎಂದ.

"ಬಾಯಿ ಅಷ್ಟು ತೆಗೀಬ್ಯಾಡೋ. ಅಷ್ಟು ಮುಚ್ಚಲೂಬ್ಯಾಡ. ಮತ್ತ ಹೇಳು."

ರೈಲು ಬಂತು. ಬಾಗಿಲು ತೆರೆಯಿತು, ಜನ ಇಳಿದರು, ಜನ ಹತ್ತಿದರು. ಬಾಗಿಲು ಮುಚ್ಚಿ ರೈಲು ಹೊರಟುಹೋಯಿತು. ಅವನು ಪೋಸ್ಟರಿನ ಮುಂದೆಯೇ ನಿಂತಿದ್ದ, ತುಟಿಗಳನ್ನು ಮೆಲ್ಲಗೆ ದುಂಡಗೆ ಮಾಡುತ್ತ.