ನಾಳೆ ಬಾ ಎಂದ ಗಿಣಿ

ಒಂದು ಊರಿನ ಜನರೆಲ್ಲ ಚಪ್ಪಲಿ ಕಳಚಿಟ್ಟು, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಒಂದು ಗಿಣಿಯ ಮುಂದೆ ಸಾಲಾಗಿ ನಿಂತಿದ್ದರು. ಏನು ನಡೆದಿರಬಹುದು, ಊಹಿಸಿ ನೋಡೋಣ. ಯಾರ ಮೈಮೇಲಾದರೂ ದೇವರು ಬಂದಿತ್ತೇ? ಅಲ್ಲ. ಗಿಣಿ ಶಾಸ್ತ್ರ ಹೇಳುತ್ತಿತ್ತೇ? ಅದೂ ಅಲ್ಲ. ಸೋತಿರಾ? ಸರಿ, ಮೊದಲಿನಿಂದ ಕೇಳಿ.

ಆ ಊರಿನಲ್ಲಿ ನೀಲಗಂಗವ್ವನದೊಂದು ಮನೆ. ಮನೆಯೊಳಗೆ ನಾಲ್ಕು ಕೋಣೆ. ಕೋಣೆ ಎಂದರೆ ಗೋಡೆ ಎಬ್ಬಿಸಿ ಕಟ್ಟಿದ್ದಲ್ಲ. ಒಂದೊಂದೂ ಬಡಗಿಯ ಅಂಗಡಿಯಿಂದ ಚಕ್ಕಡಿಯ ಮೇಲೆ ಇಡಿಯಾಗಿ ಬಂದಿಳಿದ ಮರದ ಪೆಟ್ಟಿಗೆ. ಒಳಗೇ ಒಲೆ, ಒಳಗೇ ದೀಪ, ಒಳಗೇ ನೀರಿನ ಕೊಡ. ಒಂದರಲ್ಲಿ ಹಾಡುವ ಭುಜಂಗರಾಯ, ಇನ್ನೊಂದರಲ್ಲಿ ಊರವರ ಚಿತ್ರಪಟಗಳನ್ನು ಜೋಪಾನ ಮಾಡುವ ಹುಸೇನಸಾಹೇಬ, ಮತ್ತೊಂದರಲ್ಲಿ ಕಥೆ ಹೇಳುವ ಗದಿಗೆವ್ವ. ನಾಲ್ಕನೆಯದರಲ್ಲಿ ನೀಲಗಂಗವ್ವನ ಗಂಡ, ಕೊಡೆ ರಿಪೇರಿಯ ಚಂದ್ರಾಮಪ್ಪ. ಕೆಲಸದ ಕಾಲದಲ್ಲಿ ಯಾರೂ ಹೊರಗೆ ಬರುವಂತಿಲ್ಲ. ಪಕ್ಕದ ಪೆಟ್ಟಿಗೆಯಲ್ಲಿ ಯಾರಿದ್ದಾರೆಂದು ಒಬ್ಬರಿಗೂ ಗೊತ್ತಿಲ್ಲ. ಸೋಜಿಗವೆಂದರೆ, ಬಡಗಿ ನಾಲ್ಕೂ ಬಾಗಿಲಿಗೆ ಒಂದೇ ನಂಬರು ಬರೆದಿದ್ದ: ಎಂಬತ್ತು. ಈಗಿನವರು ಮನೆಯ ಮೂಲೆಯ ಕಂಪ್ಯೂಟರಿನಲ್ಲೂ ಒಂದೊಂದು ಕೆಲಸಕ್ಕೆ ಹೀಗೇ ಒಂದೊಂದು ಮುಚ್ಚಿದ ಡಬ್ಬ ಸಾಕುತ್ತಾರಂತೆ, ಅವುಗಳ ಬಾಗಿಲಿಗೂ ಬಹುಮಟ್ಟಿಗೆ ಅದೇ ನಂಬರಂತೆ. ಇರಲಿ, ಕಥೆಗೆ ಬರೋಣ.

ಮೊದಮೊದಲು ಪ್ರತಿಯೊಬ್ಬರಿಗಾಗಿ ಬೀದಿಯ ಗೋಡೆಗೆ ಒಂದೊಂದು ಕಿಂಡಿ ಕೊರೆಸಿದ್ದಾಯಿತು. ಹಾಡು ಕೇಳಲು ಬಂದವರು ಕೊಡೆಯ ಕಿಂಡಿಯಲ್ಲಿ ಇಣುಕಿದರು. ಬೆಕ್ಕು ನುಗ್ಗಿತು, ಹಿಂದೆಯೇ ಕಳ್ಳನೂ ನುಗ್ಗಿದ. ನೀಲಗಂಗವ್ವ ರೇಗಿ ಎಲ್ಲ ಕಿಂಡಿಗಳನ್ನೂ ಮಣ್ಣು ಮೆತ್ತಿ ಮುಚ್ಚಿಸಿದಳು. ತಲೆಬಾಗಿಲೊಂದನ್ನೇ ಉಳಿಸಿ, ಅಲ್ಲೊಂದು ಗಿಣಿಯನ್ನು ಕೂರಿಸಿದಳು.

ಆ ಗಿಣಿಯ ವಿದ್ಯೆಯನ್ನು ಏನೆಂದು ಹೇಳಲಿ! ಬಂದವರು ಹೆಸರು ಹೇಳಬೇಕು. ಗಿಣಿ ಆ ಹೆಸರಿನ ಪೆಟ್ಟಿಗೆಗೆ ಹಾರಿ ಮಾತು ಒಪ್ಪಿಸಿ, ಉತ್ತರವನ್ನು ಒಳಗಿನವರ ದನಿಯಲ್ಲೇ ಬೀದಿಗೆ ತರುತ್ತಿತ್ತು. ಸಾಮಾನೇನಾದರೂ ಇದ್ದರೆ ಹಗ್ಗ ಜಗ್ಗುತ್ತಿತ್ತು. ಬುಟ್ಟಿ ಸರ್ರನೆ ಒಳಗೆ ಹೋಗಿ ಹಿಂದೆ ಬರುತ್ತಿತ್ತು. ಮೊದಲ ದಿನ ಆ ಹಸಿರು ಕೊರಳಿನಿಂದ ಭುಜಂಗರಾಯನ ಮಂದ್ರಸ್ಥಾಯಿ ಹೊರಟಾಗ ನೀರು ಹೊತ್ತು ಹೊರಟಿದ್ದವರು ಕೊಡ ಇಳಿಸಿ ನಿಂತರಂತೆ. ಗೊತ್ತಿಲ್ಲದ ಹೆಸರು ಹೇಳಿದವರಿಗೆ ಮಾತ್ರ, ಹಿಂದಿನವರು ದೆವ್ವವನ್ನು ಸಾಗಹಾಕಲು ಬಾಗಿಲ ಮೇಲೆ ಬರೆಯುತ್ತಿದ್ದ ಮಾತನ್ನೇ ಗಿಣಿ ಹೇಳುತ್ತಿತ್ತು: "ನಾಳೆ ಬಾ."

ಗಿಣಿಗೆ ಹೆಸರುಗಳನ್ನು ಕಲಿಸಿದವಳು ನೀಲಗಂಗವ್ವನೇ. ಭುಜಂಗರಾಯ, ಹುಸೇನಸಾಹೇಬ, ಗದಿಗೆವ್ವ, ಮೂರೂ ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಅವಳ ಬಾಯಿ ಕಟ್ಟಿತು. ಗಂಡನ ಹೆಸರು ಹೇಳುವುದುಂಟೇ? ಆ ಹೆಸರಿನ ಭಯಕ್ಕೆ ಆಕಾಶದ ಚಂದ್ರಾಮನನ್ನು ಕೂಡ ಅವಳು "ಮ್ಯಾಲಿನ ದೀಪ" ಎನ್ನುತ್ತಿದ್ದಳು. ಯೋಚಿಸಿ, ಯೋಚಿಸಿ, ಗಿಣಿಗೆ "ನಮ್ಮವರು" ಎಂದು ಕಲಿಸಿದಳು. ಬೀದಿಗೆ ಹೋಗಿ ನಿಂತು ತಾನೇ ಪರೀಕ್ಷೆಯನ್ನೂ ಮಾಡಿದಳು.

"ನಮ್ಮವರು!"

ಗಿಣಿ ಹಾರಿಹೋಗಿ ಗಂಡನ ದನಿ ತಂದಿತು: "ಏನ ನೀಲಾ?"

"ಏನಿಲ್ರಿ, ಸುಮ್ನ ಕರದೆ," ಎಂದಳು. ಎಲ್ಲ ಸರಿಯಿದೆಯೆಂದು ಹಿತ್ತಲಿಗೆ ಹೋದಳು.

ಮಳೆಗಾಲ ಹತ್ತಿರವಾಯಿತು. ಕಲ್ಲವ್ವಜ್ಜಿ ಎಂಬ ಮುದುಕಿ ಮುರಿದ ಕೊಡೆ ತಂದು, "ಚಂದ್ರಾಮಪ್ಪ" ಎಂದಳು. "ನಾಳೆ ಬಾ," ಎಂದಿತು ಗಿಣಿ. ಮರುದಿನವೂ ಅದೇ ಮಾತು. ಕೊಡೆ ತಂದ ಉಳಿದವರಿಗೂ ಅದೇ. ಆಗ ಕೊಡೆ ಇಲ್ಲದವರು ಕುತೂಹಲಕ್ಕೆ ಬಂದು ನಿಂತರು. ಹಾಡುವವನು ಕರೆದ ಕೂಡಲೇ ಓಗೊಡುತ್ತಾನೆ, ಕಥೆಯವಳೂ ಓಗೊಡುತ್ತಾಳೆ. ಯಾರಿಗೂ ಓಗೊಡದ ಈ ಚಂದ್ರಾಮಪ್ಪ ಎಷ್ಟು ದೊಡ್ಡವನಿರಬೇಕು! ಬರಬರುತ್ತ ಕೊಡೆಯ ಮಾತು ಮರೆತುಹೋಯಿತು. ಚಪ್ಪಲಿ ಕಾಲಿನಿಂದ ಇಳಿಯಿತು, ತೆಂಗಿನಕಾಯಿ ಕೈಗೆ ಬಂತು. "ನಾಳೆ ಬಾ" ಎಂಬುದನ್ನೇ ಜನ ಕಣ್ಣು ಮುಚ್ಚಿ ಪ್ರಸಾದದಂತೆ ಕೇಳಿಸಿಕೊಂಡು ಹೋಗತೊಡಗಿದರು.

ಒಳಗೆ ಚಂದ್ರಾಮಪ್ಪ ತಂತಿ, ಇಕ್ಕಳ ಮುಂದಿಟ್ಟುಕೊಂಡು ಕೂತೇ ಇದ್ದ.

"ನೀಲಾ, ಇನ್ನ ಈ ಕಸಬ ಸಾಕು. ಮುಂದಿನ ಸಂತ್ಯಾಗ ಇಕ್ಕಳ ಮಾರಿಬಿಡ್ತೀನಿ. ನನ್ನ ಕೈ ಊರಿಗೆ ಬ್ಯಾಡಾಗೇದ," ಎಂದ ಒಂದು ಬೆಳಿಗ್ಗೆ ಗಿಣಿಯ ಬಾಯಲ್ಲಿ.

"ಬೀದಿ ತುಂಬ ನಿಮ್ಮ ಮಂದೀನ ಅದಾರ. ನನ್ನ ಮುಂದ್ಯಾಕ ಸುಳ್ಳು ಹೇಳ್ತೀರಿ?"

"ಸುಳ್ಳು ಹೇಳಾಕಿ ನೀನು. ಒಂದು ಕೊಡೀನೂ ಬಂದಿಲ್ಲ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಅವಳನ್ನು ಸುಳ್ಳಿ ಎಂದದ್ದು ಅದೇ ಮೊದಲು. ಆ ಇಕ್ಕಳ ಮಾರಿದರೆ ಅವನು ಬದುಕಿಯೂ ಇಲ್ಲದಂತೆ ಎಂದು ಅವಳಿಗೆ ಗೊತ್ತಿತ್ತು. ಸೆರಗು ಮುಖದ ಮೇಲೆಳೆದುಕೊಂಡು ತಾನೇ ಸಾಲಿನಲ್ಲಿ ನಿಂತಳು. ಸಾಲಿನ ಮುಂದಿದ್ದ ಕಲ್ಲವ್ವಜ್ಜಿ ಕರೆದಳು: "ಚಂದ್ರಾಮಪ್ಪ." ಗಿಣಿ ಹೇಳಿತು: "ನಾಳೆ ಬಾ."

ನೀಲಗಂಗವ್ವನಿಗೆ ಆಗ ತಿಳಿಯಿತು. ಇಷ್ಟು ಮಂದಿಯಲ್ಲಿ ಅವನನ್ನು "ನಮ್ಮವರು" ಎನ್ನುವವಳು ತಾನೊಬ್ಬಳೇ ಅಲ್ಲವೇ!

ಗಿಣಿಗೆ ಈಗ ಹೆಸರು ಕಲಿಸಲೇಬೇಕು, ಅದೂ ಊರೆಲ್ಲರೆದುರಿಗೆ. ಆಗ ಮದುವೆಯಲ್ಲಿ ಗೆಳತಿಯರು ಬಾಗಿಲು ಅಡ್ಡಗಟ್ಟಿ ಹಾಕಿಸಿದ್ದ, ಗಂಡನ ಹೆಸರು ಪೋಣಿಸಿ ಹೇಳುವ ಒಡಪು ನೆನಪಾಯಿತು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲವಲ್ಲ! ಸೆರಗು ಸರಿಸಿ, ಗಿಣಿಯ ಮುಂದೆ ನಿಂತು ಗಟ್ಟಿಯಾಗಿ ಹೇಳಿದಳು:

"ಮುರದ ಕಡ್ಡಿಗೆ ತಂತಿ ಕಟ್ಟಿ, ಹರದ ಅರಿವಿಗೆ ತ್ಯಾಪಿ ಹಚ್ಚಿ, ಊರ ತಲಿ ಮ್ಯಾಲ ನೆರಳ ಹಿಡಿಯೋ ನಮ್ಮವರು ಚಂದ್ರಾಮಪ್ಪ!"

"ಹೇಳಿಬಿಟ್ಲಲ್ಲೇ ಯವ್ವಾ!" ಎಂದು ಹೆಂಗಸರು ಬಾಯಿಗೆ ಕೈ ಹಚ್ಚಿದರು. ಗಿಣಿ ಕತ್ತು ಓರೆ ಮಾಡಿ "ನಮ್ಮವರು ಚಂದ್ರಾಮಪ್ಪ, ನಮ್ಮವರು ಚಂದ್ರಾಮಪ್ಪ" ಎಂದು ಉರು ಹಚ್ಚಿತು. ಕಲ್ಲವ್ವಜ್ಜಿ ಮತ್ತೆ "ಚಂದ್ರಾಮಪ್ಪ" ಎಂದು ಕರೆದಳು. ಗಿಣಿ ರೆಕ್ಕೆ ಬಿಚ್ಚಿ ಒಳಗೆ ಹಾರಿತು. ಕೆಲವರು ಮೊಣಕಾಲೂರಿದರು. ಗಿಣಿ ಬಂದು ಕೂತು, ಆ ಮಹಾಪುರುಷನ ಮೊದಲ ವಾಣಿಯನ್ನು ಊರಿಗೆ ಕೇಳಿಸಿತು:

"ಕಡ್ಡಿ ಮುರದದೋ, ಅರಿವಿ ಹರದದೋ? ಬುಟ್ಟಿಯೊಳಗ ಇಡ್ರಿ."

"ಕೊಡಿ ರಿಪೇರಿಯವನೇನು?" ಎಂದ ಒಬ್ಬ. "ಇಷ್ಟಕ್ಕ ನಾ ಕಾಯಿ ತಂದಿದ್ದೆ ನೋಡು!" ಎಂದ ಇನ್ನೊಬ್ಬ. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡರು. ಉಳಿದವಳು ಕಲ್ಲವ್ವಜ್ಜಿ ಒಬ್ಬಳೇ. ಅವಳ ಕೊಡೆ ಬುಟ್ಟಿಯಲ್ಲಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇಕ್ಕಳದ ಸದ್ದಿನ ಜೊತೆ ಚಂದ್ರಾಮಪ್ಪನ ಸಿಳ್ಳೆಯನ್ನೂ ಗಿಣಿ ಹೊರಗೆ ತಂದಿತು. ನೀಲಗಂಗವ್ವ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡಳು.

ಹೊರಟವರಲ್ಲಿ ಒಬ್ಬ ಮಾತ್ರ ತಿರುಗಿ ಬಂದ. ಇವನಲ್ಲದಿದ್ದರೆ ನಿಜವಾದ ದೊಡ್ಡವರು ಒಳಗೆ ಬೇರೆ ಯಾರೋ ಇರಬೇಕೆಂದು ಅವನಿಗೆ ಹೊಳೆದಿತ್ತು. ಕೈಮುಗಿದು ಕರೆದ: "ದೊಡ್ಡವರು!"

"ನಾಳೆ ಬಾ," ಎಂದಿತು ಗಿಣಿ.

ಅವನು ಮೆಲ್ಲಗೆ ಚಪ್ಪಲಿ ಕಳಚಿದ. ಅವನ ಹಿಂದೆ ಇನ್ನೊಬ್ಬ ಬಂದು ನಿಂತ, ಅವನ ಹಿಂದೆ ಮತ್ತೊಬ್ಬ. ಆ ಸಾಲು ಇಂದಿಗೂ ಕರಗಿಲ್ಲವೆನ್ನುತ್ತಾರೆ. ಕಲ್ಲವ್ವಜ್ಜಿ ಮಾತ್ರ ಕೊಡೆ ಬಿಚ್ಚಿ, ಹನಿಯುತ್ತಿದ್ದ ಮಳೆಯಲ್ಲಿ ಸಾಲಿನ ಪಕ್ಕದಿಂದಲೇ ಮನೆಗೆ ನಡೆದಳು. ಅಷ್ಟು ಜನರಲ್ಲಿ ಗಿಣಿ ಹೇಳಿದ ಆ "ನಾಳೆ" ಬಂದದ್ದು ಅವಳೊಬ್ಬಳಿಗೇ. ಅದು ಬಂದದ್ದು ಮೃಗಶಿರಾ ಮಳೆಯಲ್ಲಿ, ಕಾರಹುಣ್ಣಿಮೆಯ ದಿನ, ಸೋಮವಾರ.